ಊರು ಬಿಡದ ಬ್ಯಾಂಡು

2007ರ ಅಕ್ಟೋಬರ್ 10ರಂದು ಇಂಗ್ಲೆಂಡಿನ ರೇಡಿಯೊಹೆಡ್ ತಂಡ ತನ್ನ ಏಳನೆಯ ಆಲ್ಬಂ ‘ಇನ್ ರೇನ್‌ಬೋಸ್’ ಅನ್ನು ಅಂತರ್ಜಾಲದಲ್ಲಿ ಇಟ್ಟು, ತೋಚಿದಷ್ಟು ಕೊಟ್ಟು ತಗೊಳ್ಳಿ, ಕೊಡದಿದ್ದರೂ ಸರಿ ಎಂದಿತು. ಸಂಗೀತದ ವ್ಯಾಪಾರವೇ ಬುಡಮೇಲಾಯಿತು ಎಂದು ಜಗತ್ತಿನ ಪತ್ರಿಕೆಗಳು ಬರೆದವು. ಅದಕ್ಕೆ ಎರಡು ವರ್ಷ ಮೊದಲೇ, 2005ರಲ್ಲಿ, ಬೆಂಗಳೂರಿನ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’ ಎಂಬ ತಂಡ ತನ್ನ ಮೂರನೆಯ ಆಲ್ಬಂ ‘ಪ್ಲಾನ್ ಬಿ’ಯನ್ನು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಹಂಚಿತ್ತು. ಆಗ ಬುಡಮೇಲಾಗಲು ಇಲ್ಲಿ ವ್ಯಾಪಾರವೇ ಇರಲಿಲ್ಲ. ರೇಡಿಯೊಹೆಡ್‌ನದು ಹೊಟ್ಟೆ ತುಂಬ ಉಂಡವನ ದಾನ, ಇವರದು ಅಂಗಡಿಯೇ ಸಿಗದವನು ಸರಕನ್ನು ರಸ್ತೆಯಲ್ಲಿ ಹಂಚಿದ ಹಾಗೆ.

ಎರಡೂ ತಂಡಗಳು ಹುಟ್ಟಿದ ರೀತಿ ಮಾತ್ರ ಒಂದೇ. ರೇಡಿಯೊಹೆಡ್‌ನ ಐವರು ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಶಾಲೆಯ ಹುಡುಗರು. 1985ರಲ್ಲಿ ಶುಕ್ರವಾರದ ಅಭ್ಯಾಸಕ್ಕೆ ಕೂಡಿದ್ದರಿಂದ ‘ಆನ್ ಎ ಫ್ರೈಡೇ’ ಎಂದು ಹೆಸರಿಟ್ಟುಕೊಂಡರು. 1991ರಲ್ಲಿ ಇಎಂಐ ಕಂಪನಿಯ ಕರಾರು ಸಿಕ್ಕಮೇಲೆ ಹೆಸರು ಬದಲಾಯಿತು, ಜನ ಬದಲಾಗಲಿಲ್ಲ. ನಮ್ಮ ಥರ್ಮಲ್ 1996ರಲ್ಲಿ ಕ್ರೈಸ್ಟ್ ಕಾಲೇಜಿನ ಗೆಳೆತನದಲ್ಲಿ ಕಣ್ಣು ಬಿಟ್ಟಿತು. ಗಿಟಾರ್ ಮತ್ತು ಹಾಡುಗಾರಿಕೆಗೆ ಬ್ರೂಸ್ ಲೀ ಮಣಿ, ಡ್ರಮ್ಸ್‌ಗೆ ರಾಜೀವ್ ರಾಜಗೋಪಾಲ್, ಜೊತೆಗೆ ರೂಡ್ ಡೇವಿಡ್, ಸುನಿಲ್ ಚಾಂಡಿ. ಮೂವರು ಮಲಯಾಳಿಗಳು, ಇನ್ನೊಬ್ಬ ಕಾಲುಭಾಗ ಮಲಯಾಳಿ, ಅದಕ್ಕೇ ‘ಥ್ರೀ ಮಲ್ ಆ್ಯಂಡ್ ಎ ಕ್ವಾರ್ಟರ್’ ಎಂಬರ್ಥದ ಈ ಹೆಸರು ಎಂಬುದು ಅವರೇ ಹೇಳಿಕೊಂಡು ಬಂದ ತಮಾಷೆ. ತಮ್ಮ ಸಂಗೀತಕ್ಕೆ ಅವರು ಕೊಟ್ಟ ಹೆಸರು ಇನ್ನೂ ಸರಳ: ‘ಬ್ಯಾಂಗಲೋರ್ ರಾಕ್’.

ಹುಟ್ಟು ಒಂದೇ ಆದರೂ ಮುಂದಿನ ದಾರಿ ಒಂದೇ ಆಗಲಿಲ್ಲ. ಬ್ರಿಟನ್ನಿನಲ್ಲಿ ಆಲ್ಟರ್ನೇಟಿವ್ ರಾಕ್ ಬೆಳೆದ ಕಾಲಕ್ಕೆ ಅಲ್ಲಿ ಏಣಿಯೊಂದು ಸಿದ್ಧವಿತ್ತು. ಊರೂರಿಗೆ ಪಬ್ಬುಗಳ ಹಿಂದಿನ ಕೋಣೆಗಳು, ವಿದ್ಯಾರ್ಥಿ ಸಂಘಗಳ ಸಭಾಂಗಣಗಳು. ಹೊಸಬರ ಧ್ವನಿಮುದ್ರಿಕೆಗಳನ್ನು ರಾತ್ರಿ ಹೊತ್ತು ಬಿಬಿಸಿ ರೇಡಿಯೊದಲ್ಲಿ ಹಾಕುತ್ತಿದ್ದ ಜಾನ್ ಪೀಲ್. ವಾರವಾರ ಬರುತ್ತಿದ್ದ ಸಂಗೀತ ಪತ್ರಿಕೆಗಳು. ಕಡೆಗೆ ಸರಕಾರದ ನಿರುದ್ಯೋಗ ಭತ್ಯೆ. ಸ್ವಂತ ಉದ್ಯಮಕ್ಕೆಂದು ಥ್ಯಾಚರ್ ಸರಕಾರ ವಾರಕ್ಕೆ 40 ಪೌಂಡ್ ಕೊಡುತ್ತಿದ್ದ ಯೋಜನೆಯನ್ನು ಬಳಸಿಕೊಂಡೇ ಅಲನ್ ಮೆಕ್‌ಗೀ ತನ್ನ ಕ್ರಿಯೇಷನ್ ರೆಕಾರ್ಡ್ಸ್ ನಡೆಸಿದ. ಮುಂದೆ 1993ರಲ್ಲಿ ಒಯೇಸಿಸ್ ತಂಡವನ್ನು ಹಿಡಿದು ತಂದವನು ಅವನೇ. ಪ್ರತಿಭೆಯ ಕಥೆಯೆಂದು ನಾವು ಓದುವ ಬ್ರಿಟಿಷ್ ರಾಕ್ ಚರಿತ್ರೆಯಲ್ಲಿ ಅರ್ಧ ಈ ಏಣಿಯ ಚರಿತ್ರೆ. ಬೆಂಗಳೂರಿನಲ್ಲಿ ಈ ಏಣಿಯ ಒಂದು ಮೆಟ್ಟಿಲೂ ಇರಲಿಲ್ಲ. ಆದರೂ ಇಲ್ಲಿನ ತಂಡವೊಂದು ಮೂವತ್ತು ವರ್ಷ ಬಾಳಿದ್ದು ಹೇಗೆ ಎಂಬುದಕ್ಕೆ ದಂಡು ಪ್ರದೇಶದ ಚರಿತ್ರೆಯನ್ನೇ ಕೆದಕಬೇಕು.

*

ಶ್ರೀರಂಗಪಟ್ಟಣದ ಮಲೇರಿಯಾಕ್ಕೆ ಬೆದರಿದ ಬ್ರಿಟಿಷ್ ಸೈನ್ಯ 1809ರಲ್ಲಿ ಹಲಸೂರಿನ ಬಯಲಿಗೆ ಬಂದು ಬೀಡುಬಿಟ್ಟಿತು. ಸೈನ್ಯ ಬಂದಲ್ಲಿ ಬ್ಯಾಂಡೂ ಬಂತು. ಪರೇಡ್ ಮೈದಾನದಲ್ಲಿ ಕವಾಯತಿನ ವಾದ್ಯ, ಕಬ್ಬನ್ ಪಾರ್ಕಿನ ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಸಂಜೆಯ ವಾದ್ಯ, ಟ್ರಿನಿಟಿ ಮತ್ತು ಸೇಂಟ್ ಮಾರ್ಕ್ಸ್ ಚರ್ಚುಗಳಲ್ಲಿ ಆರ್ಗನ್, ಕ್ಲಬ್ಬುಗಳಲ್ಲಿ ಕುಣಿತಕ್ಕೆ ಬೇಕಾದ ವಾದ್ಯ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ದಂಡು ಬ್ರಿಟಿಷ್ ರೆಸಿಡೆಂಟನ ಕೈಯಲ್ಲೇ ಉಳಿಯಿತು. ಪೇಟೆಯವರಿಗೆ ರಾಮೋತ್ಸವದ ಪೆಂಡಾಲು, ದಂಡಿನವರಿಗೆ ಬಾಲ್‌ರೂಮು. ನಡುವೆ ಕಬ್ಬನ್ ಪಾರ್ಕು. ಆಡಳಿತದ ಮಟ್ಟಿಗೆ ಎರಡೂ 1949ರಲ್ಲಿ ಒಂದೇ ಕಾರ್ಪೊರೇಷನ್ನಿಗೆ ಬಂದವು, ಕಿವಿಗಳ ಮಟ್ಟಿಗೆ ಬಹಳ ಕಾಲ ಬೇರೆಯಾಗಿಯೇ ಉಳಿದವು.

ಹಾಗೆಂದು ಪಾಶ್ಚಾತ್ಯ ಸಂಗೀತ ದಂಡಿನ ಗೋಡೆಯೊಳಗಿನ ಸೊತ್ತಾಗಿರಲಿಲ್ಲ. ಮೈಸೂರಿನ ಅರಮನೆಗೆ ತನ್ನದೇ ಇಂಗ್ಲಿಷ್ ಬ್ಯಾಂಡ್ ಇತ್ತು. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ರಷ್ಯನ್ ಸಂಗೀತಗಾರ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಣಗೊಂಡದ್ದು ಮೈಸೂರಿನ ಹಣದಿಂದ. ಲಂಡನ್ನಿನ ವಾದ್ಯವೃಂದಕ್ಕೆ ಕನ್ನಡನಾಡು ಅನ್ನ ಹಾಕಿದ ಕಾಲವೂ ಇತ್ತು. ದಂಡಿನ ಕೊಡುಗೆ ಅಷ್ಟು ಗಂಭೀರದ್ದಲ್ಲ. ಅದು ಜನಪ್ರಿಯ ಸಂಗೀತವನ್ನು ಕೂಲಿ ಕೆಲಸವಾಗಿಸಿತು. ಸಂಜೆಗಿಷ್ಟು ಎಂದು ಹಣ ಪಡೆದು ನುಡಿಸುವ ಆಂಗ್ಲೋ-ಇಂಡಿಯನ್, ಗೋವನ್, ತಮಿಳು ಕ್ರೈಸ್ತ ವಾದಕರ ಒಂದು ವರ್ಗ ಇಲ್ಲಿ ಹುಟ್ಟಿಕೊಂಡಿತು. ಸ್ವಾತಂತ್ರ್ಯದ ನಂತರ ಅವರಲ್ಲಿ ಅನೇಕರು ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹೊರಟುಹೋದರು. ಮನೆ ಮಾರಿ ಹೋದವರ ಪಿಯಾನೊಗಳು ಉಳಿದವು, ಪಿಯಾನೊ ಕಲಿಸುವ ಮೇಷ್ಟ್ರುಗಳು ವಿರಳವಾದರು.

ಹೊರಡುವುದು ಆಮೇಲೆ ಇಲ್ಲಿನ ಸಂಗೀತದ ರೂಢಿಯೇ ಆಯಿತು. ಅದರ ದೊಡ್ಡ ಉದಾಹರಣೆ ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಬೆಳೆದ ಈ ಕೊಡಗಿನ ಹುಡುಗ 1960ರ ದಶಕದಲ್ಲಿ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ, ಬೀಟಲ್ಸ್ ಕಾಲದ ಹಾಡುಗಳನ್ನು ಊರೂರಿಗೆ ಹೊತ್ತು, ತಂಡ ಒಡೆದ ಮೇಲೆ ‘ಲೋನ್ ಟ್ರೋಜನ್’ ಎಂದು ಒಬ್ಬನೇ ಹಾಡಿ, 1967ರಲ್ಲಿ ಇಂಗ್ಲೆಂಡ್ ಸೇರಿದ. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫು ಫೈಟಿಂಗ್’ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಅದರ ನಿರ್ಮಾಪಕ ನಮ್ಮ ಬಿದ್ದು. ಧ್ವನಿಮುದ್ರಣದ ಕೊನೆಯಲ್ಲಿ ಉಳಿದ ಹತ್ತು ನಿಮಿಷದಲ್ಲಿ, ತಟ್ಟೆಯ ಹಿಂಬದಿಗೆಂದು ಮಾಡಿ ಮುಗಿಸಿದ ಹಾಡು ಅದು. ಕುಂಗ್ ಫು ನಟ ಬ್ರೂಸ್ ಲೀ ಎಬ್ಬಿಸಿದ ಅಲೆಯ ಮೇಲೆ ಏರಿ ಬೆಂಗಳೂರಿನ ಒಬ್ಬ ಲಂಡನ್ ಗೆದ್ದ. ಅದೇ ಅಲೆಯ ಕಾಲದಲ್ಲಿ ಹುಟ್ಟಿ ಬ್ರೂಸ್ ಲೀ ಎಂದೇ ಹೆಸರಿಡಿಸಿಕೊಂಡ ಇನ್ನೊಬ್ಬ ಬೆಂಗಳೂರಿನಲ್ಲೇ ಉಳಿದು ಹಾಡಿದ. ಕಾಕತಾಳೀಯವೇ ಸರಿ, ಆದರೆ ಎರಡು ಕಾಲಗಳ ವ್ಯತ್ಯಾಸವೆಲ್ಲ ಇದರಲ್ಲಿದೆ.

1970ರ ದಶಕದಲ್ಲಿ ಬೆಂಗಳೂರನ್ನು ನೆಲೆ ಮಾಡಿಕೊಂಡಿದ್ದ ‘ಹ್ಯೂಮನ್ ಬಾಂಡೇಜ್’ ತಂಡದ್ದೂ ಇದೇ ಕಥೆ. ಅದರ ಡ್ರಮ್ಸ್ ವಾದಕ ರಮೇಶ್ ಶೋತಂ ಇಲ್ಲಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ತವಿಲ್ ಕಲಿತು ಜರ್ಮನಿಗೆ ಹೋಗಿ ಅಲ್ಲೇ ನೆಲೆಸಿದರು. ಗಾಯಕಿ ರಾಧಾ ಥಾಮಸ್ ನ್ಯೂಯಾರ್ಕ್ ಸೇರಿ ಜಾಝ್ ಹಾಡಿದರು, ಬಹಳ ವರ್ಷದ ಮೇಲೆ ಮರಳಿದರು. ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಆ ಕಾಲೇಜಿನ ಬಗ್ಗೆ ಬೇರೆಯದೇ ಲೇಖನ ಬೇಕು. ಅದೇ ಕಾಲೇಜಿನ ಆರ್.ಎ. ರಮಾಮಣಿ ಹಾಡಿ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ನುಡಿಸಿದ ‘ಜ್ಯೋತಿ’ ಆಲ್ಬಂ 1983ರ ಹೊತ್ತಿಗೇ ಯುರೋಪಿನ ಹೆಸರಾಂತ ಕಂಪನಿಯಿಂದ ಬಂದಿತ್ತು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಮಗೆ ನೆನಪಿರುವ, ತುರ್ತುಪರಿಸ್ಥಿತಿಯ ಸೆರೆವಾಸ ಬಲಿ ಪಡೆದ ಸ್ನೇಹಲತಾ ರೆಡ್ಡಿಯವರ ಮಗ ಕೋನಾರ್ಕ್ ರೆಡ್ಡಿ ಈ ನಗರದ ಹಿರಿಯ ಗಿಟಾರ್ ವಾದಕರಲ್ಲಿ ಒಬ್ಬರು. ದಂಡಿನ ರಾಕ್ ಕನ್ನಡದ ಮನೆಗಳಿಗೆ ಪೂರ್ತಿ ಪರಕೀಯವಾಗಿತ್ತು ಎನ್ನುವವರು ಈ ಹೆಸರನ್ನು ನೆನೆಯಬೇಕು. ರಾಜ್‌ಕುಮಾರ್ ಅವರೇ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಇಂಗ್ಲಿಷ್ ಹಾಡು ಹಾಡಿ ಕುಣಿಸಿದ್ದರು. 1981ರಲ್ಲಿ ಶಂಕರ್‌ನಾಗ್ ‘ಗೀತಾ’ದಲ್ಲಿ ಗಿಟಾರ್ ಹಿಡಿದಾಗ ಗಾಂಧಿನಗರವೇ ಶಿಳ್ಳೆ ಹಾಕಿತು. ಪೇಟೆ ಗಿಟಾರನ್ನು ಸಿನಿಮಾದಿಂದ ಪಡೆಯಿತು, ದಂಡು ಚರ್ಚಿನಿಂದ ಮತ್ತು ಕ್ಲಬ್ಬಿನಿಂದ. ಅಷ್ಟೇ ವ್ಯತ್ಯಾಸ.

*

1990ರ ದಶಕ ಬಂದಾಗ ಕೇಬಲ್ ಟಿ.ವಿ. ಬಂತು, ಬ್ರಿಗೇಡ್ ರಸ್ತೆಯ ಆಸುಪಾಸು ಕ್ಯಾಸೆಟ್ಟುಗಳು ಬಂದವು. ರೆಸ್ಟ್ ಹೌಸ್ ರಸ್ತೆಯಲ್ಲಿ 1989ರಲ್ಲಿ ತೆರೆದ ಪೆಕೋಸ್‌ನಲ್ಲಿ ಮಗ್ಗು ಬಿಯರಿನ ಜೊತೆ ಜಿಮಿ ಹೆಂಡ್ರಿಕ್ಸ್ ಕೇಳಬಹುದಿತ್ತು. ಆದರೆ ಅದು ತಟ್ಟೆ ಕೇಳುವ ಜಾಗ, ತಂಡ ನುಡಿಸುವ ಜಾಗವಲ್ಲ. ನುಡಿಸಬೇಕಾದರೆ ಕಾಲೇಜು ಉತ್ಸವಗಳೇ ಗತಿ. ಅಲ್ಲಿ ಸ್ಪರ್ಧೆ. ಸ್ಪರ್ಧೆಯಲ್ಲಿ ಗೆಲ್ಲಲು ಮೆಟಾಲಿಕಾದ ಹಾಡನ್ನು ಮೆಟಾಲಿಕಾಕ್ಕಿಂತ ವೇಗವಾಗಿ ನುಡಿಸಬೇಕು. ಸ್ವಂತ ಹಾಡು ಬರೆದವನಿಗೆ ಸಭಿಕರಿಂದ ‘ಗೊತ್ತಿರೋದು ಹಾಡ್ರೋ’ ಎಂಬ ಕೂಗು.

ಈ ಬರಗಾಲದಲ್ಲಿ ಗೋಪಾಲ್ ನವಲೆಯವರು 1996ರಲ್ಲಿ ಶುರುಮಾಡಿದ ‘ಫ್ರೀಡಂ ಜಾಮ್’ ದೊಡ್ಡ ಸಂಗತಿ. ಆಗಸ್ಟ್ 15ರ ಹಬ್ಬಕ್ಕೆ ಬಿಟ್ಟಿ ಪ್ರವೇಶ, ಯಾರ ತಂಡ ಬೇಕಾದರೂ ಬಂದು ನುಡಿಸಬಹುದು. ಥರ್ಮಲ್ ಹುಟ್ಟಿದ್ದೂ ಅದೇ ವರ್ಷ. ಬೆಂಗಳೂರು ಅರಮನೆಯನ್ನು ಸರಕಾರ ಸ್ವಾಧೀನಕ್ಕೆ ತೆಗೆದುಕೊಳ್ಳುವ ಕಾಯಿದೆ ಮಾಡಿದ್ದೂ ಅದೇ ವರ್ಷ. ಆ ಮೊಕದ್ದಮೆಯ ನಡುವೆಯೇ ಅರಮನೆ ಮೈದಾನ ವಿದೇಶಿ ತಂಡಗಳ ಅಖಾಡವಾಯಿತು.

ಅರಮನೆ ಮೈದಾನದ ಆ ದಶಕ ನಗರದ ಹೆಮ್ಮೆಯ ಕಥೆ. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2002ರಲ್ಲಿ ಬಂದ. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಭಾರತದ ತಮ್ಮ ಮೊದಲ ಕಛೇರಿಯನ್ನು ಇಲ್ಲಿ ಮಳೆಯಲ್ಲಿ ನಡೆಸಿದರು. 2005ರಲ್ಲಿ ಮಾರ್ಕ್ ನಾಫ್ಲರ್, 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಅದಕ್ಕೆ ಎರಡು ದಿನ ಮೊದಲು ದೆಹಲಿ ಬಳಿಯ ಗುರುಗ್ರಾಮದಲ್ಲಿ ಮೆಟಾಲಿಕಾದ ಕಾರ್ಯಕ್ರಮ ಗಲಾಟೆಯಲ್ಲಿ ರದ್ದಾಗಿತ್ತು. ಬೆಂಗಳೂರಿನಲ್ಲಿ ಸುಸೂತ್ರವಾಗಿ ನಡೆದದ್ದು ನಮ್ಮವರ ಬೀಗುವಿಕೆಗೆ ಇನ್ನೊಂದು ಕಾರಣವಾಯಿತು. ‘ಭಾರತದ ರಾಕ್ ರಾಜಧಾನಿ’ ಎಂಬ ಬಿರುದು ಬಂದದ್ದು ಹೀಗೆ. ನನಗೆ ಈ ಬಿರುದಿನ ಮೇಲೆ ಅಷ್ಟು ಮೋಹವಿಲ್ಲ. ಬಂದುಹೋದ ಅತಿಥಿಗಳ ಪಟ್ಟಿಯಿಂದ ಮನೆಯವರ ಹಾಡುಗಾರಿಕೆಯನ್ನು ಅಳೆದ ಹಾಗಾಗುತ್ತದೆ. ಅದೇ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವಥ್ ‘ಕನ್ನಡವೇ ಸತ್ಯ’ ನಡೆಸಿದಾಗ ಭಾವಗೀತೆ ಕೇಳಲು ಜನಸಾಗರವೇ ನೆರೆದಿತ್ತು. ರಾಜಧಾನಿ ಎನ್ನುವುದಾದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಥರ್ಮಲ್ ಈ ದೊಡ್ಡ ವೇದಿಕೆಗಳ ಅಂಚಿನಲ್ಲಿ ಇತ್ತು. ಡೀಪ್ ಪರ್ಪಲ್, ಜೆತ್ರೊ ಟಲ್‌ನಂಥ ಬ್ರಿಟಿಷ್ ತಂಡಗಳು ಬಂದಾಗ ಮುಖ್ಯ ಕಛೇರಿಗೆ ಮುಂಚೆ ನುಡಿಸಿದ ಸ್ಥಳೀಯ ತಂಡ ಇವರದು. ಮುಂಚೆ ನುಡಿಸುವುದು ಕಷ್ಟದ ಕೆಲಸ. ಜನ ಇನ್ನೂ ಗೇಟಿನಲ್ಲಿರುತ್ತಾರೆ, ಒಳಗಿರುವವರು ಬೇರೆಯವರಿಗಾಗಿ ಕಾಯುತ್ತಿರುತ್ತಾರೆ. ಆದರೂ ತಮ್ಮ ಹಾಡನ್ನೇ ಹಾಡಿದರು ಎಂಬುದು ಇವರ ಹೆಚ್ಚುಗಾರಿಕೆ.

ಹಾಡುಗಳು ಏನನ್ನು ಕುರಿತವು? ಇಲ್ಲಿ ಸ್ವಲ್ಪ ನಿಲ್ಲಬೇಕು, ಕನ್ನಡದ ಓದುಗರಿಗೆ ಈ ತಂಡ ಮುಖ್ಯವಾಗಬೇಕಾದದ್ದು ಈ ಕಾರಣಕ್ಕೆ. 2000ದ ಮೊದಲ ಆಲ್ಬಂಗೆ ಅವರು ತಮ್ಮ ಅಂತರ್ಜಾಲ ತಾಣದ ವಿಳಾಸವನ್ನೇ ಹೆಸರಾಗಿ ಇಟ್ಟರು. ಬೆಂಗಳೂರು ಡಾಟ್‌ಕಾಮ್ ಜ್ವರದಲ್ಲಿದ್ದ ವರ್ಷ ಅದು. 2002ರಲ್ಲಿ ‘ಜ್ಯೂಪಿಟರ್ ಕೆಫೆ’. ‘ಬ್ರಿಗೇಡ್ ಸ್ಟ್ರೀಟ್’ ಎಂಬ ಹೆಸರಿನ ಹಾಡು ಬಂತು. 2012ರಲ್ಲಿ ಮೂರು ತಟ್ಟೆಗಳ ‘3 ವೀಲ್ಸ್ 9 ಲೈವ್ಸ್’ ಬಂತು. ಮೂರು ಗಾಲಿ ಎಂದರೆ ನಮ್ಮ ಆಟೊ. ಅದರಲ್ಲಿ ‘ಮೀಟರ್ ಮೇಲೆ ಒನ್ ಆ್ಯಂಡ್ ಎ ಹಾಫ್’ ಎಂಬ ಹಾಡಿದೆ. ರಾತ್ರಿ ಹತ್ತಾದ ಮೇಲೆ ಶಿವಾಜಿನಗರದಿಂದ ಕೆ.ಆರ್. ಪುರಂಗೆ ಆಟೊ ಹಿಡಿಯಲು ನಿಂತವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಲಂಡನ್ನಿನ ಮಂಜಿನ ಬಗ್ಗೆ, ಕ್ಯಾಲಿಫೋರ್ನಿಯಾದ ಹೆದ್ದಾರಿಯ ಬಗ್ಗೆ ಹಾಡುವುದನ್ನು ಬಿಟ್ಟು ಟ್ರಾಫಿಕ್ ಸಿಗ್ನಲ್ಲು, ಆಟೊ ದರ, ಆಫೀಸಿನ ದಣಿವು, ಮತಗಟ್ಟೆಯನ್ನು ಹಾಡಿಗೆ ತಂದರು. ಯುವಕರನ್ನು ಮತದಾನಕ್ಕೆ ಕರೆದ ‘ಶಟ್ ಅಪ್ ಆ್ಯಂಡ್ ವೋಟ್’ ಇವರದೇ. ಇಂಗ್ಲಿಷಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಈ ಹಾಡುಗಳನ್ನು ಬೆಂಗಳೂರಿನ ಸಾಹಿತ್ಯದ ಹೊರಗಿಡುವುದು ನನಗೆ ಒಪ್ಪಿತವಲ್ಲ.

ಸಂಗೀತದ ಬಗ್ಗೆಯೂ ಎರಡು ಮಾತು. ರಾಕ್ ಎಂದರೆ ಮೂರು ಸ್ವರಮೇಳ ಹಿಡಿದು ಅರಚುವುದು ಎಂದುಕೊಂಡವರು ಇವರನ್ನು ಕೇಳಿದರೆ ತಬ್ಬಿಬ್ಬಾಗುತ್ತಾರೆ. ಬ್ಲೂಸ್, ಫಂಕ್, ಜಾಝ್ ಮೂರೂ ಹೆಣೆದುಕೊಂಡಿವೆ. ತಾಳ ಮಧ್ಯದಲ್ಲಿ ಓರೆಯಾಗಿ ತಿರುಗುತ್ತದೆ, ಹಾಡು ನಿಂತಿತು ಎಂದಾಗ ಇನ್ನೊಂದು ಬಾಗಿಲಿನಿಂದ ಒಳಬರುತ್ತದೆ. ಕೆಲವೊಮ್ಮೆ ಚಮತ್ಕಾರ ಹೆಚ್ಚಾಯಿತು ಅನ್ನಿಸುವುದೂ ಉಂಟು, ಮೂರು ತಟ್ಟೆಗಳ ಆಲ್ಬಂ ಎರಡಕ್ಕೇ ಮುಗಿದಿದ್ದರೆ ಚೆನ್ನಿತ್ತು. ಜನಪ್ರಿಯತೆಗೆ ಇದು ಅಡ್ಡಿಯೂ ಆಯಿತು. ಕುಣಿಯಲು ಬಂದವನು ತಾಳ ಎಣಿಸುತ್ತ ನಿಲ್ಲುತ್ತಾನೆ.

*

ಬಾಳ್ವಿಕೆಯ ಪ್ರಶ್ನೆಗೆ ಬರೋಣ. ಮೊದಲ ಹತ್ತು-ಹನ್ನೆರಡು ವರ್ಷ ಇವರು ಹಗಲು ಕೆಲಸ, ರಾತ್ರಿ ಸಂಗೀತ ಎಂದು ನಡೆಸಿದರು. ಭಾರತದಲ್ಲಿ ಆಗ ಸಿನಿಮಾ ಹಾಡಲ್ಲದ್ದನ್ನು, ಅದೂ ಇಂಗ್ಲಿಷಿನದನ್ನು, ಧ್ವನಿಮುದ್ರಣ ಕಂಪನಿಗಳು ಮುಟ್ಟುತ್ತಿರಲಿಲ್ಲ. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್.ಎಂ. ರೇಡಿಯೊ ಸಿಟಿ ಶುರುವಾದದ್ದು ಬೆಂಗಳೂರಿನಲ್ಲೇ. ಅದೂ ಕೆಲಕಾಲದಲ್ಲೇ ಸಿನಿಮಾ ಹಾಡಿನತ್ತ ವಾಲಿತು. ತಂಡದಲ್ಲೂ ಜನ ಬಂದುಹೋದರು. ರೂಡ್ ಡೇವಿಡ್, ಸುನಿಲ್ ಚಾಂಡಿ ಬಿಟ್ಟರು. ಪ್ರಕಾಶ್ ಕೆ.ಎನ್. ಕೆಲವು ವರ್ಷ ಬೇಸ್ ಗಿಟಾರ್ ನುಡಿಸಿದರು. ಆಮೇಲೆ ಟೋನಿ ದಾಸ್, ಲೆಸ್ಲಿ ಚಾರ್ಲ್ಸ್ ಸೇರಿದರು. ಮೊದಲಿಂದ ಇಂದಿನವರೆಗೆ ಉಳಿದವರು ಬ್ರೂಸ್ ಲೀ ಮಣಿ ಮತ್ತು ರಾಜೀವ್ ರಾಜಗೋಪಾಲ್.

2010ರ ಸುಮಾರಿಗೆ ಅವರು ಮಾಡಿದ ಒಂದು ಕೆಲಸ ಉಳಿದೆಲ್ಲದಕ್ಕಿಂತ ದೊಡ್ಡದು ಎಂದು ನನ್ನ ಎಣಿಕೆ. ‘ಟಾಕಡೆಮಿ’ ಎಂಬ ಸಂಗೀತ ಶಾಲೆ ತೆರೆದರು. ಗಿಟಾರ್, ಡ್ರಮ್ಸ್, ಬೇಸ್, ಹಾಡುಗಾರಿಕೆಯ ಪಾಠ, ಜೊತೆಗೆ ತಂಡವಾಗಿ ನುಡಿಸುವ ಅಭ್ಯಾಸ. ಕಛೇರಿಯ ಹಣ ಅನಿಶ್ಚಿತ, ಪಾಠದ ಹಣ ತಿಂಗಳು ತಿಂಗಳು ಬರುತ್ತದೆ. ನಮ್ಮ ಕರ್ನಾಟಕ ಸಂಗೀತದ ವಿದ್ವಾಂಸರು ಬದುಕಿದ್ದು ಹೀಗೇ ಅಲ್ಲವೇ? ಬೆಳಿಗ್ಗೆ ನಾಲ್ಕು ಶಿಷ್ಯರು, ರಾಮನವಮಿಗೆ ಒಂದು ಕಛೇರಿ. ಬ್ರಿಟಿಷ್ ರಾಕ್ ತಂಡ ಕಂಪನಿಯ ಮುಂಗಡದಿಂದ ಬದುಕಿತು, ಬೆಂಗಳೂರಿನ ರಾಕ್ ತಂಡ ಬದುಕಿದ್ದು ಮಲ್ಲೇಶ್ವರದ ವೀಣೆ ಮೇಷ್ಟ್ರ ದಾರಿಯಿಂದ. ಇದನ್ನು ಸೋಲು ಎಂದು ತಿಳಿಯಬಾರದು. ಕೇಳುಗರು ತಾವಾಗಿ ಹುಟ್ಟದ ಊರಿನಲ್ಲಿ ಕೇಳುಗರನ್ನು ಪಾಠ ಹೇಳಿ ಹುಟ್ಟಿಸಿಕೊಳ್ಳಬೇಕಾಗುತ್ತದೆ. 2013ರಲ್ಲಿ ಕಾಬೂಲಿನ ‘ಸೌಂಡ್ ಸೆಂಟ್ರಲ್’ ಉತ್ಸವಕ್ಕೂ ಹೋಗಿ ನುಡಿಸಿ ಬಂದರು. ಬಾಂಬಿನ ಊರಿಗೆ ಗಿಟಾರ್ ಹೊತ್ತು ಹೋಗುವ ಎದೆಗಾರಿಕೆ ಎಷ್ಟು ಜನಕ್ಕಿದೆ?

ಇದೇ ಕಾಲದ ಇನ್ನೊಂದು ದೀರ್ಘಾಯುಷಿ ತಂಡ ಕ್ರಿಪ್ಟಾಸ್. 1998ರಲ್ಲಿ ಶುರುವಾದ ಈ ಹೆವಿ ಮೆಟಲ್ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಅದರ ದಾರಿ ಬೇರೆ: ಊರಲ್ಲಿ ಇದ್ದುಕೊಂಡೇ ಯುರೋಪಿನ ಕೇಳುಗರನ್ನು ಹಿಡಿದದ್ದು. ಕನ್ನಡದಲ್ಲಿ ಹಾಡಿದವರ ದಾರಿ ಇನ್ನೂ ಬೇರೆ. ರಘು ದೀಕ್ಷಿತ್ ಶಿಶುನಾಳ ಷರೀಫರನ್ನು ಗಿಟಾರಿಗೆ ಕಟ್ಟಿ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ತಲುಪಿದರು. ‘ಸ್ವರಾತ್ಮ’ ತಂಡ ಕನ್ನಡ, ಹಿಂದಿ ಎರಡರಲ್ಲೂ ಹಾಡಿತು. ಅವರ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆಹ ಬಂದಿದೆ, ಇಲ್ಲಿ ಮುಂದುವರಿಸುವುದಿಲ್ಲ.

*

ಈ ಎಲ್ಲ ತಂಡಗಳ ಮೇಲೆ ಕಾನೂನಿನ ಪಟ್ಟು ಬಿಗಿಯಾದದ್ದು ಇಂದಿರಾನಗರದಲ್ಲಿ. 1970ರ ದಶಕದ ಕೊನೆಯಲ್ಲಿ ಮನೆ ನಿವೇಶನಗಳಿಗೆಂದು ಮಾಡಿದ ಬಡಾವಣೆ ಅದು. ಎಚ್‌ಎಎಲ್‌ನವರು, ಸೈನ್ಯದಿಂದ ನಿವೃತ್ತರಾದವರು ಅಂಗಳದಲ್ಲಿ ಮಾವು ನೆಟ್ಟು ಕೂತಿದ್ದರು. ಐ.ಟಿ. ಹಣ ಬಂದಮೇಲೆ 100 ಅಡಿ ರಸ್ತೆ ಅಂಗಡಿಸಾಲಾಯಿತು, 12ನೇ ಮುಖ್ಯರಸ್ತೆ ಪಬ್ಬುಸಾಲಾಯಿತು. 2011ರ ಅಕ್ಟೋಬರ್ 20ರಂದು ನಗರದ ಮೊದಲ ಮೆಟ್ರೊ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ್ದು ಹಲಸೂರು, ಇಂದಿರಾನಗರದ ಮೇಲೇ. ಸಂಗೀತವೂ ಹಳೆಯ ದಂಡಿನಿಂದ ಈ ಹೊಸ ಪೂರ್ವಕ್ಕೆ ಸರಿಯಿತು. 100 ಅಡಿ ರಸ್ತೆಯಲ್ಲಿ ಕೈರಾ ಥಿಯೇಟರ್, ಬಿಫ್ಲಾಟ್. 2013ರಲ್ಲಿ ಹಮ್ಮಿಂಗ್ ಟ್ರೀ. ಇನ್ನೂ ಪೂರ್ವಕ್ಕೆ, ವೈಟ್‌ಫೀಲ್ಡಿನಲ್ಲಿ, ವಿಂಡ್‌ಮಿಲ್ಸ್. ಸ್ವಂತ ಹಾಡಿನ ತಂಡಗಳಿಗೆ ಈ ನಗರದಲ್ಲಿ ಮೊದಲ ಬಾರಿಗೆ ವಾರವಾರ ವೇದಿಕೆ ಸಿಕ್ಕಿದ್ದು ಆಗ. ಕೆ.ಆರ್. ಪುರಂ ತೂಗುಸೇತುವೆಯ ಜಾಮಿನಲ್ಲಿ ಸಿಕ್ಕಿಬಿದ್ದು, ಆಂಪ್ಲಿಫೈಯರ್ ಹೊತ್ತ ಕಾರಿನಲ್ಲಿ ಕೂತು, ಸೌಂಡ್‌ಚೆಕ್ ತಪ್ಪಿಸಿಕೊಂಡು ನೇರ ವೇದಿಕೆಗೆ ಏರಿದ ವಾದಕರೆಷ್ಟೋ.

ಸಂತೋಷ ಬಹಳ ದಿನ ಉಳಿಯಲಿಲ್ಲ. ಇದರ ಬೇರು 2005ರಲ್ಲಿದೆ. ಬಾರುಗಳಲ್ಲಿ ಹೆಣ್ಣುಮಕ್ಕಳನ್ನು ಕುಣಿಸುವ ‘ಲೈವ್ ಬ್ಯಾಂಡ್’ ದಂಧೆಯನ್ನು ಹತೋಟಿಗೆ ತರಲು ಆ ವರ್ಷ ಬೆಂಗಳೂರು ನಗರಕ್ಕೆ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶ ಹೊರಟಿತು. ಕ್ಯಾಬರೆ, ಡಿಸ್ಕೊಥೆಕ್, ಲೈವ್ ಬ್ಯಾಂಡ್ ಮೂರಕ್ಕೂ ಪೊಲೀಸ್ ಆಯುಕ್ತರ ಪರವಾನಗಿ ಕಡ್ಡಾಯ. ಉದ್ದೇಶ ತಪ್ಪಲ್ಲ. ಆದರೆ ಗಿಟಾರ್ ಹಿಡಿದು ತನ್ನ ಹಾಡು ಹಾಡುವವನೂ ಅದೇ ಬಲೆಗೆ ಬಿದ್ದ. 2008ರಲ್ಲಿ ಪೊಲೀಸರು ರಾತ್ರಿ 11.30ರ ಗಡುವನ್ನು ಕಟ್ಟುನಿಟ್ಟು ಮಾಡಿದರು. ಪರವಾನಗಿ ಆದೇಶದ ವಿರುದ್ಧ ಹೋಟೆಲಿನವರು ನ್ಯಾಯಾಲಯಕ್ಕೆ ಹೋಗಿದ್ದರು. 2018ರ ಜನವರಿ 25ರಂದು ಸುಪ್ರೀಂ ಕೋರ್ಟ್ 2005ರ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷದ ನಡುವೆ ಪೊಲೀಸರು ಪಬ್ಬು, ಹೋಟೆಲುಗಳಿಗೆ ಪರವಾನಗಿ ಕೇಳಿ ನೋಟಿಸು ಹಚ್ಚಿದರು. ಊರಿಡೀ ಕಛೇರಿಗಳು ನಿಂತವು. ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು.

ಇಂದಿರಾನಗರದ ನಿವಾಸಿಗಳನ್ನು ಖಳನಾಯಕರನ್ನಾಗಿಸಲು ನನಗೆ ಮನಸ್ಸಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ ಮಿತಿ 45 ಡೆಸಿಬೆಲ್. ತೆರೆದ ಮಹಡಿಯ ಮೇಲೆ ಡಿ.ಜೆ. ಹಾಕಿದ ಪಬ್ಬಿನ ಪಕ್ಕದ ಮನೆಯಲ್ಲಿ ಹೃದ್ರೋಗಿ ಮಲಗಿದ್ದರೆ ಅವರ ದೂರು ನ್ಯಾಯವಾದದ್ದು. ತಂಟೆ ಇರುವುದು ಬೇರೆ ಕಡೆ. ಡಿ.ಜೆ.ಯ ಗದ್ದಲವನ್ನೂ, ಮುಚ್ಚಿದ ಕೋಣೆಯಲ್ಲಿ ಎಂಟು ಗಂಟೆಗೆ ಶುರುವಾಗಿ ಹತ್ತಕ್ಕೆ ಮುಗಿಯುವ ಕಛೇರಿಯನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗಿತು. ಪರವಾನಗಿಯ ಶರತ್ತುಗಳನ್ನು ಪೂರೈಸುವ ಶಕ್ತಿ ದೊಡ್ಡ ಹೋಟೆಲುಗಳಿಗಿತ್ತು. ಸಣ್ಣ ವೇದಿಕೆಗಳು ಸತ್ತವು, ಗದ್ದಲ ಸಾಯಲಿಲ್ಲ.

ಥರ್ಮಲ್ ತಂಡದ ‘ಎ ವರ್ಲ್ಡ್ ಗಾನ್ ಮ್ಯಾಡ್’ 2020ರಲ್ಲಿ ಬಂತು, ದೇಶವೇ ಬಾಗಿಲು ಹಾಕಿಕೊಂಡಿದ್ದ ಹೊತ್ತಿನಲ್ಲಿ. ಹುಚ್ಚು ಹಿಡಿದ ಲೋಕ ಎಂದು ಅವರು ಹೆಸರಿಟ್ಟದ್ದು ಸಾಂಕ್ರಾಮಿಕಕ್ಕೆ ಮುಂಚಿನ ರಾಜಕೀಯ ಕೋಪದಿಂದ. ಅದನ್ನು ನುಡಿಸಲು ಆಗ ಯಾವ ಊರಿನಲ್ಲೂ ವೇದಿಕೆ ಇರಲಿಲ್ಲ. ಆಮೇಲೆ ಮತ್ತೆ ನುಡಿಸತೊಡಗಿದರು. ರೇಡಿಯೊಹೆಡ್ 2018ರಲ್ಲಿ ನಿಲ್ಲಿಸಿದ್ದ ಪ್ರವಾಸವನ್ನು 2025ರ ನವೆಂಬರಿನಲ್ಲಿ ಮ್ಯಾಡ್ರಿಡ್‌ನಿಂದ ಮತ್ತೆ ಆರಂಭಿಸಿತು. ಏಳು ವರ್ಷ ನುಡಿಸದೆ ಕೂತು ಮರಳಿ ಬಂದರೂ ಜಗತ್ತು ಕಾಯುವಷ್ಟು ಬಂಡವಾಳ ಅವರಿಗುಂಟು. ಬೆಂಗಳೂರಿನ ತಂಡ ಏಳು ವರ್ಷ ಸುಮ್ಮನಿದ್ದರೆ ಮರೆತೇಹೋಗುತ್ತದೆ. ಆದ್ದರಿಂದ ಇವರು ಸುಮ್ಮನೆ ಕೂತವರಲ್ಲ.

ಸರಕಾರಕ್ಕೆ ಕೇಳಬೇಕಾದದ್ದು ಇಷ್ಟೇ. 2005ರ ಆದೇಶವನ್ನು ತಿದ್ದಿ, ಮುಚ್ಚಿದ ಸಣ್ಣ ಸಭಾಂಗಣದಲ್ಲಿ ರಾತ್ರಿ ಹತ್ತರೊಳಗೆ ಮುಗಿಯುವ ಸಂಗೀತಕ್ಕೆ ಬೇರೆಯೇ ಸರಳ ಪರವಾನಗಿ ಕೊಡಲಿ. ಕನ್ನಡದಲ್ಲಿ ಹಾಡುವ ಹೊಸ ಹುಡುಗರಿಗೂ ಬೇಕಾಗಿರುವುದು ಅದೇ ಸಭಾಂಗಣ. ಓದುಗರಲ್ಲಿ ಒಂದು ಕೋರಿಕೆ: ಮುಂದಿನ ಸಲ ವಿದೇಶಿ ತಂಡಕ್ಕೆ ಹತ್ತು ಸಾವಿರ ಕೊಟ್ಟು ಟಿಕೆಟ್ ಕೊಳ್ಳುವ ಮುನ್ನ, ನಿಮ್ಮ ಬಡಾವಣೆಯ ತಂಡವೊಂದಕ್ಕೆ ಮುನ್ನೂರು ರೂಪಾಯಿ ಕೊಟ್ಟು ಕೇಳಿ ನೋಡಿ.